ಮೈದಾನ ಕಳೆದುಕೊಂಡವರು ಕ್ಲಬ್ ಉಳಿಸಿಕೊಂಡ ಬಗೆ

ವಿಂಬಲ್ಡನ್ ಎಂದೊಡನೆ ನಿಮ್ಮ ನೆನಪಿಗೆ ಬರುವುದು ಟೆನಿಸ್. ಹಸಿರು ಹುಲ್ಲಿನ ಅಂಗಣ, ಬಿಳಿ ಉಡುಪಿನ ಆಟಗಾರರು, ಜೂನ್-ಜುಲೈ ತಿಂಗಳ ಪತ್ರಿಕೆಗಳ ಕ್ರೀಡಾಪುಟ. ಆದರೆ ಲಂಡನ್ ನಗರದ ನೈಋತ್ಯ ದಿಕ್ಕಿನಲ್ಲಿರುವ ಅದೇ ಊರಿಗೆ ಇನ್ನೊಂದು ಆಟದ ಇತಿಹಾಸವೂ ಇದೆ. ಅದು ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ. ಆ ಕ್ಲಬ್ ಏರಿತು, ಬಿದ್ದಿತು, ಊರನ್ನೇ ಕಳೆದುಕೊಂಡಿತು. ಕೊನೆಗೆ ಅದರ ಅಭಿಮಾನಿಗಳು ಕೈಯಲ್ಲಿ ಮೈದಾನವಿಲ್ಲದೆ, ಆಟಗಾರರಿಲ್ಲದೆ, ಒಂದು ಚೆಂಡೂ ಇಲ್ಲದೆ ಅದನ್ನು ಮತ್ತೆ ಕಟ್ಟಿದರು.

ನಮ್ಮ ವಿದ್ಯಾರ್ಥಿಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ತಂಡಗಳ ಹೆಸರು ತಿಳಿಯದವರು ವಿರಳ. ಆದರೆ ಈ ದೊಡ್ಡ ಕ್ಲಬ್ಬುಗಳು ಇಂಗ್ಲೆಂಡಿನ ಫುಟ್‌ಬಾಲ್ ಎಂಬ ಏಣಿಯ ಮೇಲಿನ ಮೆಟ್ಟಿಲು ಮಾತ್ರ. ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು. ಅದರ ಕೆಳಗೆ ತಲಾ 24 ತಂಡಗಳಿರುವ ಮೂರು ದರ್ಜೆಗಳು. ಇವು ಮೂರೂ ಸೇರಿ ಫುಟ್‌ಬಾಲ್ ಲೀಗ್. ಅದಕ್ಕೂ ಕೆಳಗೆ ಪ್ರಾಂತ್ಯ, ಜಿಲ್ಲೆಗಳ ಮಟ್ಟದ ಹತ್ತಾರು ಲೀಗುಗಳು. ವರ್ಷದ ಕೊನೆಗೆ ಪಟ್ಟಿಯ ಮೇಲಿರುವವರಿಗೆ ಬಡ್ತಿ, ಕೆಳಗಿರುವವರಿಗೆ ಹಿಂಬಡ್ತಿ. ಅಂದರೆ ಹಳ್ಳಿಯ ತಂಡವೂ ಗೆಲ್ಲುತ್ತಾ ಹೋದರೆ ಒಂದು ದಿನ ಮೇಲಿನ ಮೆಟ್ಟಿಲು ಮುಟ್ಟಬಹುದು. ವಿಂಬಲ್ಡನ್ ಈ ಏಣಿಯನ್ನು ಒಮ್ಮೆಯಲ್ಲ, ಎರಡು ಬಾರಿ ಹತ್ತಿದೆ.

ಸಂಘ-ಸಂಸ್ಥೆಗಳಲ್ಲಿ ದುಡಿಯುವ ನಾವು ಈ ಕಥೆಯನ್ನು ಕೇವಲ ಆಟದ ಸುದ್ದಿಯಾಗಿ ಓದಬೇಕಾಗಿಲ್ಲ. ಒಂದು ಸಂಸ್ಥೆ ನಿಜವಾಗಿ ಯಾರದು? ಕಟ್ಟಡದ ದಾಖಲೆ ಯಾರ ಹೆಸರಿನಲ್ಲಿದೆಯೋ ಅವರದೇ? ಹಣ ಹಾಕಿದವರದೇ? ಅಥವಾ ವರ್ಷಗಟ್ಟಲೆ ಅದಕ್ಕಾಗಿ ಬಂದು ಹೋದವರದೇ? ಈ ಪ್ರಶ್ನೆಗೆ ವಿಂಬಲ್ಡನ್ನಿನ ಜನ ಕೊಟ್ಟ ಉತ್ತರವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಶಾಲೆಯ ಹಳೆ ವಿದ್ಯಾರ್ಥಿಗಳಿಂದ ಆರಂಭ

ಈ ಕ್ಲಬ್ ಹುಟ್ಟಿದ್ದು 1889ರಲ್ಲಿ. ಹುಟ್ಟುಹಾಕಿದವರು ಆ ಊರಿನ ಓಲ್ಡ್ ಸೆಂಟ್ರಲ್ ಶಾಲೆಯ ಹಳೆ ವಿದ್ಯಾರ್ಥಿಗಳು. ಹಾಗಾಗಿಯೇ ಮೊದಲ ಹೆಸರು ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್. ಆಡುತ್ತಿದ್ದುದು ವಿಂಬಲ್ಡನ್ ಕಾಮನ್ ಎಂಬ ವಿಶಾಲ ಬಯಲಿನಲ್ಲಿ. ನಮ್ಮ ಊರುಗಳ ಗೋಮಾಳದ ಹಾಗೆ ಊರವರೆಲ್ಲರ ಬಳಕೆಗೆ ಬಿಟ್ಟ ಜಾಗ ಅದು. 1905ರಲ್ಲಿ ಕ್ಲಬ್ಬಿನ ಹೆಸರು ವಿಂಬಲ್ಡನ್ ಎಂದಷ್ಟೇ ಆಯಿತು. 1912ರಲ್ಲಿ ಪ್ಲೋ ಲೇನ್ ಎಂಬ ರಸ್ತೆಯ ಬದಿಯಲ್ಲಿ, ಯಾರೂ ಬಳಸದೆ ಬಿಟ್ಟಿದ್ದ ಜೌಗು ನೆಲವನ್ನು ಹದಗೊಳಿಸಿ ಸ್ವಂತ ಮೈದಾನ ಮಾಡಿಕೊಂಡರು. ಮುಂದಿನ ಸುಮಾರು ಎಂಬತ್ತು ವರ್ಷ ಕ್ಲಬ್ಬಿಗೂ ಆ ಮೈದಾನಕ್ಕೂ ಬಿಡಿಸಲಾಗದ ನಂಟು.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದು ಹವ್ಯಾಸಿಗಳ ಕ್ಲಬ್ ಆಗಿತ್ತು. ಆಟಗಾರರು ವಾರವಿಡೀ ತಮ್ಮ ತಮ್ಮ ಕೆಲಸ ಮಾಡಿ ಶನಿವಾರ ಆಡುತ್ತಿದ್ದರು. ಹವ್ಯಾಸಿ ತಂಡಗಳ ಇಸ್ತ್ಮಿಯನ್ ಲೀಗನ್ನು ಎಂಟು ಬಾರಿ ಗೆದ್ದರು. 1963ರಲ್ಲಿ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಹವ್ಯಾಸಿಗಳ ಕಪ್ ಫೈನಲ್‌ನಲ್ಲಿ ಸಟನ್ ಯುನೈಟೆಡ್ ತಂಡವನ್ನು 4-2ರಿಂದ ಸೋಲಿಸಿದರು. ಆ ನಾಲ್ಕೂ ಗೋಲು ಎಡ್ಡಿ ರೆನಾಲ್ಡ್ಸ್ ಎಂಬ ಒಬ್ಬನೇ ಆಟಗಾರನದು, ನಾಲ್ಕೂ ತಲೆಯಿಂದ ಹೊಡೆದದ್ದು. ಮರುವರ್ಷ ಕ್ಲಬ್ ವೃತ್ತಿಪರವಾಯಿತು.

ದೇಶದ ಗಮನ ಈ ಕ್ಲಬ್ಬಿನತ್ತ ಹರಿದದ್ದು 1975ರಲ್ಲಿ. ಇಂಗ್ಲೆಂಡಿನ ಎಲ್ಲ ದರ್ಜೆಯ ತಂಡಗಳಿಗೂ ಅವಕಾಶವಿರುವ ಎಫ್‌.ಎ. ಕಪ್ ಪಂದ್ಯಾವಳಿಯಲ್ಲಿ, ಇನ್ನೂ ಫುಟ್‌ಬಾಲ್ ಲೀಗಿನ ಹೊರಗಿದ್ದ ವಿಂಬಲ್ಡನ್ ಮೊದಲ ದರ್ಜೆಯ ಬರ್ನ್‌ಲಿ ತಂಡವನ್ನು ಅದರ ಊರಿನಲ್ಲೇ ಸೋಲಿಸಿತು. ಮುಂದಿನ ಸುತ್ತಿನಲ್ಲಿ ಲೀಗ್ ಚಾಂಪಿಯನ್ ಲೀಡ್ಸ್ ಯುನೈಟೆಡ್ ಎದುರು ಗೋಲಿಲ್ಲದ ಸಮಬಲ. ಗೋಲ್‌ಕೀಪರ್ ಡಿಕ್ಕಿ ಗೈ ಅಂದು ಪೀಟರ್ ಲೋರಿಮರ್ ಹೊಡೆದ ಪೆನಾಲ್ಟಿಯನ್ನು ತಡೆದ. ಮರುಪಂದ್ಯದಲ್ಲಿ ವಿಂಬಲ್ಡನ್ ಒಂದು ಗೋಲಿನಿಂದ ಸೋತಿತು. ಈ ಡಿಕ್ಕಿ ಗೈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಒಂಬತ್ತು ವರ್ಷಗಳ ಏರುದಾರಿ

ಆಗ ಫುಟ್‌ಬಾಲ್ ಲೀಗ್ ಸೇರಲು ಗೆದ್ದರೆ ಸಾಲುತ್ತಿರಲಿಲ್ಲ, ಒಳಗಿರುವ ಕ್ಲಬ್ಬುಗಳ ಮತವೂ ಬೇಕಿತ್ತು. ತನ್ನ ಮಟ್ಟದ ಲೀಗನ್ನು ಸತತ ಮೂರು ವರ್ಷ ಗೆದ್ದ ಬಳಿಕ 1977ರಲ್ಲಿ ವಿಂಬಲ್ಡನ್ನಿಗೆ ಆ ಮತ ದೊರೆಯಿತು, ನಾಲ್ಕನೇ ದರ್ಜೆಯಲ್ಲಿ ಸ್ಥಾನ ಸಿಕ್ಕಿತು. 1982-83ರಲ್ಲಿ ನಾಲ್ಕನೇ ದರ್ಜೆಯಲ್ಲಿ ಆಡುತ್ತಿದ್ದ ತಂಡ 1986-87ರ ವೇಳೆಗೆ ಮೊದಲ ದರ್ಜೆಯಲ್ಲಿತ್ತು. ಆ ಮೊದಲ ವರ್ಷವೇ ಆರನೇ ಸ್ಥಾನ ಪಡೆಯಿತು.

1988ರ ಮೇ 14ರಂದು ಎಫ್‌.ಎ. ಕಪ್ ಫೈನಲ್. ಎದುರಾಳಿ ಆ ವರ್ಷದ ಲೀಗ್ ಚಾಂಪಿಯನ್ ಲಿವರ್‌ಪೂಲ್. ಯಾರೂ ವಿಂಬಲ್ಡನ್ ಗೆದ್ದೀತೆಂದು ಎಣಿಸಿರಲಿಲ್ಲ. ಲಾರಿ ಸಾಂಚೆಝ್ 37ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದ. ದ್ವಿತೀಯಾರ್ಧದಲ್ಲಿ ಜಾನ್ ಆಲ್ಡ್ರಿಜ್ ಹೊಡೆದ ಪೆನಾಲ್ಟಿಯನ್ನು ನಾಯಕನೂ ಗೋಲ್‌ಕೀಪರನೂ ಆಗಿದ್ದ ಡೇವ್ ಬೆಸೆಂಟ್ ಎಡಕ್ಕೆ ಹಾರಿ ತಡೆದ. ವೆಂಬ್ಲಿಯ ಕಪ್ ಫೈನಲ್‌ನಲ್ಲಿ ಪೆನಾಲ್ಟಿಯೊಂದನ್ನು ತಡೆದದ್ದು ಅದೇ ಮೊದಲು. ಲೀಗ್ ಸೇರಿ ಕೇವಲ ಹನ್ನೊಂದು ವರ್ಷವಾಗಿದ್ದ ಕ್ಲಬ್ ದೇಶದ ಅತ್ಯಂತ ಹಳೆಯ ಕಪ್ಪನ್ನು ಎತ್ತಿತು.

ಇಲ್ಲಿಗೇ ನಿಲ್ಲಿಸಿದರೆ ಇದು ಒಂದು ಸುಂದರ ಯಶೋಗಾಥೆ. ಆದರೆ ಇತಿಹಾಸ ಹಾಗೆ ನಮಗೆ ಬೇಕಾದಲ್ಲಿ ನಿಲ್ಲುವುದಿಲ್ಲ.

ನೆಲ ಹೋಯಿತು, ನೆಲೆಯೂ ಹೋಯಿತು

1989ರ ಏಪ್ರಿಲ್‌ನಲ್ಲಿ ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲಿನ ಅಭಿಮಾನಿಗಳು ಸಾವಿಗೀಡಾದರು. ಆ ದುರಂತಕ್ಕೆ ಬಲಿಯಾದವರ ಸಂಖ್ಯೆ ಕೊನೆಗೆ 97ಕ್ಕೇರಿತು. ನ್ಯಾಯಮೂರ್ತಿ ಟೇಲರ್ ಅವರ ವರದಿಯಂತೆ, ಮೇಲಿನ ದರ್ಜೆಯ ಮೈದಾನಗಳಲ್ಲಿ ಎಲ್ಲ ಪ್ರೇಕ್ಷಕರಿಗೂ ಕುಳಿತು ನೋಡುವ ಆಸನ ಇರಬೇಕೆಂಬ ನಿಯಮ ಬಂತು. ನಿಯಮ ಸರಿಯಾದದ್ದೇ. ಆದರೆ ಪ್ಲೋ ಲೇನ್ ಹಳೆಯ ಕಾಲದ ಸಣ್ಣ ಮೈದಾನ. ಅದನ್ನು ಹೊಸ ನಿಯಮಕ್ಕೆ ಹೊಂದಿಸಲಾಗದು ಎಂದು ಹೇಳಿ ಕ್ಲಬ್ಬಿನ ಆಡಳಿತ 1991ರಲ್ಲಿ ತಂಡವನ್ನು ಸೆಲ್‌ಹರ್ಸ್ಟ್ ಪಾರ್ಕ್‌ಗೆ ಕೊಂಡೊಯ್ದಿತು. ಅದು ಕ್ರಿಸ್ಟಲ್ ಪ್ಯಾಲೆಸ್ ಎಂಬ ಮತ್ತೊಂದು ಕ್ಲಬ್ಬಿನ ಮೈದಾನ. ತಾತ್ಕಾಲಿಕ ಎಂದು ಆರಂಭವಾದ ಬಾಡಿಗೆವಾಸ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಸ್ವಂತ ಊರಿನಲ್ಲಿ ಹೊಸ ಮೈದಾನ ಬರಲೇ ಇಲ್ಲ. 1998ರಲ್ಲಿ ಪ್ಲೋ ಲೇನ್ ಜಾಗ ಒಂದು ಸೂಪರ್‌ಮಾರ್ಕೆಟ್ ಕಂಪನಿಯ ಪಾಲಾಯಿತು.

ಈ ಘಟ್ಟದಲ್ಲಿ ಸ್ವಲ್ಪ ನಿಂತು ಯೋಚಿಸಿ. ನೆಲ ಕೈತಪ್ಪಿದ ಸಂಸ್ಥೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬೇರು ಕಿತ್ತ ಗಿಡವನ್ನು ಯಾರ ಅಂಗಳದಲ್ಲಾದರೂ ನೆಡಬಹುದು ಎಂದು ತೋರುವ ಹಾಗೆ. 1990ರ ದಶಕದಲ್ಲಿ ಕ್ಲಬ್ಬನ್ನು ಐರ್ಲೆಂಡಿನ ಡಬ್ಲಿನ್‌ಗೆ ಸಾಗಿಸುವ ಮಾತೂ ನಡೆಯಿತು. 1997ರಲ್ಲಿ ನಾರ್ವೆಯ ಇಬ್ಬರು ಉದ್ಯಮಿಗಳು ಕ್ಲಬ್ಬಿನ ಒಡೆತನ ಪಡೆದರು. 2000ದ ಮೇ 14ರಂದು, ಕಪ್ ಗೆದ್ದು ಸರಿಯಾಗಿ ಹನ್ನೆರಡು ವರ್ಷ ತುಂಬಿದ ದಿನವೇ, ತಂಡ ಸೋತು ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು.

2001ರ ಆಗಸ್ಟ್‌ನಲ್ಲಿ ಆಡಳಿತ ತನ್ನ ನಿರ್ಧಾರ ಪ್ರಕಟಿಸಿತು: ಕ್ಲಬ್ ಮಿಲ್ಟನ್ ಕೀನ್ಸ್‌ಗೆ ಹೋಗುತ್ತದೆ. ಅದು ಲಂಡನ್ನಿನ ಉತ್ತರಕ್ಕೆ, ವಿಂಬಲ್ಡನ್ನಿನಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿ, 1967ರಲ್ಲಿ ಯೋಜಿಸಿ ಕಟ್ಟತೊಡಗಿದ ಹೊಸ ಪಟ್ಟಣ. ಅಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟುವ ಯೋಜನೆ ಇತ್ತು, ಅದರಲ್ಲಿ ಆಡಲು ಲೀಗಿನ ಕ್ಲಬ್ ಇರಲಿಲ್ಲ. ಇಲ್ಲಿ ಕ್ಲಬ್ ಇತ್ತು, ಕ್ರೀಡಾಂಗಣ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಎರಡೂ ಚೆನ್ನಾಗಿ ಕೂಡಿಬರುವ ಸಂಗತಿ. ಆ ಲೆಕ್ಕದಲ್ಲಿ ಬಿಟ್ಟುಹೋದದ್ದು ಊರಿನ ಜನ ಮಾತ್ರ.

ಅಭಿಮಾನಿಗಳು ಪ್ರತಿಭಟಿಸಿದರು. ಫುಟ್‌ಬಾಲ್ ಲೀಗ್ ಮೊದಲು ಅನುಮತಿ ನಿರಾಕರಿಸಿತು. ವಿಷಯ ಕೊನೆಗೆ ಮೂವರು ಸದಸ್ಯರ ಸ್ವತಂತ್ರ ಆಯೋಗದ ಮುಂದೆ ಹೋಯಿತು. 2002ರ ಮೇ 28ರಂದು ಆಯೋಗ ಎರಡು-ಒಂದು ಬಹುಮತದಿಂದ ಸ್ಥಳಾಂತರಕ್ಕೆ ಒಪ್ಪಿಗೆ ನೀಡಿತು. ಬೇಕಿದ್ದರೆ ಅಭಿಮಾನಿಗಳು ಕೆಳಗಿನಿಂದ ಹೊಸ ಕ್ಲಬ್ ಕಟ್ಟಿಕೊಳ್ಳಲಿ ಎಂಬ ವಾದವೂ ಅದರ ಮುಂದೆ ಬಂದಿತ್ತು. ಅಂಥ ಹೊಸ ಕ್ಲಬ್ ಫುಟ್‌ಬಾಲಿನ ವಿಶಾಲ ಹಿತಕ್ಕೆ ಪೂರಕವಲ್ಲ ಎಂಬ ಅರ್ಥದ ಮಾತು ಆಯೋಗದ ವರದಿಯಲ್ಲಿ ದಾಖಲಾಯಿತು. ವಿಂಬಲ್ಡನ್ನಿನ ಜನ ಆ ಮಾತನ್ನು ಇಂದಿಗೂ ಮರೆತಿಲ್ಲ.

ಎರಡೇ ದಿನಗಳಲ್ಲಿ ಹೊಸ ಕ್ಲಬ್

ಮೇ 30ರ ಸಂಜೆ ಅಭಿಮಾನಿಗಳು ವಿಂಬಲ್ಡನ್ನಿನ ಸಮುದಾಯ ಭವನದಲ್ಲಿ ಸಭೆ ಸೇರಿದರು. ಮುಂದೆ ಎರಡು ದಾರಿಗಳಿದ್ದವು. ನ್ಯಾಯಕ್ಕಾಗಿ ಇನ್ನಷ್ಟು ವರ್ಷ ಹೋರಾಡುವುದು ಒಂದು. ಆ ಶ್ರಮವನ್ನೇ ಹೊಸ ಕ್ಲಬ್ ಕಟ್ಟಲು ಬಳಸುವುದು ಇನ್ನೊಂದು. ಮುಂದೆ ಹೊಸ ಕ್ಲಬ್ಬಿನ ಮೊದಲ ಅಧ್ಯಕ್ಷರಾದ ಕ್ರಿಸ್ ಸ್ಟುವರ್ಟ್ ಸಭೆಯಲ್ಲಿ ಎದ್ದು, ಹೋರಾಡಿ ದಣಿದಿದ್ದೇನೆ, ನನಗೆ ಫುಟ್‌ಬಾಲ್ ನೋಡಬೇಕು ಅಷ್ಟೇ ಎಂಬರ್ಥದ ಮಾತಾಡಿದರು. ಸಭೆ ಎರಡನೇ ದಾರಿಯನ್ನು ಆರಿಸಿತು. ಎ.ಎಫ್‌.ಸಿ. ವಿಂಬಲ್ಡನ್ ಹುಟ್ಟಿದ್ದು ಹೀಗೆ.

ಹೆಸರು ಇಟ್ಟದ್ದಾಯಿತು, ತಂಡ ಎಲ್ಲಿ? ಜೂನ್ 29ರಂದು ವಿಂಬಲ್ಡನ್ ಕಾಮನ್‌ನಲ್ಲಿ ಆಟಗಾರರ ಆಯ್ಕೆ ನಡೆಸುವುದಾಗಿ ಪ್ರಕಟಣೆ ಹೊರಡಿಸಿದರು. ಆಡಬಲ್ಲೆನೆಂಬ ನಂಬಿಕೆ ಇರುವ ಯಾರು ಬೇಕಾದರೂ ಬರಬಹುದಿತ್ತು. 230 ಮಂದಿ ಬಂದರು. 113 ವರ್ಷಗಳ ಹಿಂದೆ ಶಾಲೆಯ ಹಳೆ ವಿದ್ಯಾರ್ಥಿಗಳು ಚೆಂಡು ಒದ್ದಿದ್ದ ಅದೇ ಬಯಲಿನಲ್ಲಿ ಹೊಸ ತಂಡಕ್ಕೆ ಆಟಗಾರರನ್ನು ಆರಿಸಲಾಯಿತು. ಜುಲೈ 10ರಂದು ಸಟನ್ ಯುನೈಟೆಡ್ ಎದುರು ಮೊದಲ ಸ್ನೇಹಪಂದ್ಯ. ನೋಡಲು ನಾಲ್ಕೂವರೆ ಸಾವಿರಕ್ಕೂ ಮಿಕ್ಕಿ ಜನ ಸೇರಿದ್ದರು. ಫಲಿತಾಂಶ 4-0 ಸೋಲು. ಆದರೂ ಪಂದ್ಯ ಮುಗಿದಾಗ ಜನ ಸಂಭ್ರಮಿಸಿದರು. ತಮ್ಮದು ಎನ್ನುವ ತಂಡವೊಂದು ಮತ್ತೆ ಕಣ್ಣಮುಂದೆ ಇತ್ತಲ್ಲ!

ಸಿಕ್ಕಿದ ಸ್ಥಾನ ಕಂಬೈನ್ಡ್ ಕೌಂಟೀಸ್ ಲೀಗಿನಲ್ಲಿ. ಅಲ್ಲಿಂದ ಫುಟ್‌ಬಾಲ್ ಲೀಗ್ ತಲುಪಲು ಐದು ಬಡ್ತಿ ಬೇಕು. ಪ್ರೇಕ್ಷಕರು ನೂರು ದಾಟದ ಪಂದ್ಯಗಳ ಲೀಗ್ ಅದು. ಅಲ್ಲಿ ಈ ತಂಡದ ತವರಿನ ಪಂದ್ಯಗಳಿಗೆ ಸರಾಸರಿ 3,000 ಜನ ಬಂದರು. ಅದೇ ವರ್ಷ ಇನ್ನೂ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲೇ ಆಡುತ್ತಿದ್ದ, ಎರಡನೇ ದರ್ಜೆಯ ಹಳೆಯ ಕ್ಲಬ್ಬಿಗೆ ಅಷ್ಟು ಜನ ಬರಲಿಲ್ಲ. ಆ ಹಳೆಯ ಕ್ಲಬ್ 2003ರಲ್ಲಿ ದಿವಾಳಿಯ ಅಂಚಿಗೆ ಬಂದು, ಮಿಲ್ಟನ್ ಕೀನ್ಸ್‌ಗೆ ಹೋಗಿ, 2004ರಲ್ಲಿ ಹೆಸರು ಬದಲಿಸಿ ಎಂ.ಕೆ. ಡಾನ್ಸ್ ಆಯಿತು. ಇಲ್ಲೊಂದು ಮಾತು ಹೇಳಲೇಬೇಕು. ಆ ಪಟ್ಟಣದ ಮಕ್ಕಳು ತಮ್ಮೂರಿನ ತಂಡವೆಂದು ಅದನ್ನು ಪ್ರೀತಿಸಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. 2007ರಲ್ಲಿ ಎಂ.ಕೆ. ಡಾನ್ಸ್ ಹಳೆಯ ಟ್ರೋಫಿಗಳನ್ನು ವಿಂಬಲ್ಡನ್ ಸೇರಿರುವ ಮರ್ಟನ್ ಪೌರಾಡಳಿತಕ್ಕೆ ಹಿಂದಿರುಗಿಸಿತು.

ಒಬ್ಬರಿಗೆ ಒಂದು ಮತ

ಹೊಸ ಕ್ಲಬ್ ಕಟ್ಟುವಾಗ ಸಂಸ್ಥಾಪಕರು ಒಂದು ವಿಷಯದಲ್ಲಿ ಬಹಳ ಎಚ್ಚರ ವಹಿಸಿದರು. ಯಾರೋ ಒಬ್ಬರು ಷೇರು ಕೊಂಡು ಮತ್ತೊಮ್ಮೆ ಕ್ಲಬ್ಬನ್ನು ಎತ್ತಿಕೊಂಡು ಹೋಗುವಂತಾಗಬಾರದು. ಅದಕ್ಕಾಗಿ ಕ್ಲಬ್ಬಿನ ಒಡೆತನವನ್ನು ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘಕ್ಕೆ ಕೊಟ್ಟರು. ವರ್ಷಕ್ಕೊಮ್ಮೆ ಸಣ್ಣ ಮೊತ್ತದ ಚಂದಾ ಕೊಟ್ಟರೆ ಯಾರೂ ಸದಸ್ಯರಾಗಬಹುದು. ಎಷ್ಟೇ ದೊಡ್ಡ ದೇಣಿಗೆ ಕೊಟ್ಟಿರಲಿ, ಒಬ್ಬರಿಗೆ ಒಂದೇ ಮತ. ಆಡಳಿತ ಮಂಡಳಿಯನ್ನು ಸದಸ್ಯರೇ ಚುನಾಯಿಸುತ್ತಾರೆ. ಮುಂದೆ ಇತರರಿಗೂ ಷೇರು ಕೊಟ್ಟದ್ದುಂಟು, ಆದರೆ ಹಿಡಿತ ಟ್ರಸ್ಟಿನ ಕೈಯಲ್ಲೇ ಉಳಿದಿದೆ.

ನಮ್ಮ ಸಂಘದ ನಿಯಮಾವಳಿ ಓದಿದವರಿಗೆ ಇದು ಹೊಸದೇನಲ್ಲ. ಸಹಕಾರಿ ಸಂಘಗಳೂ ನೋಂದಾಯಿತ ಸಂಸ್ಥೆಗಳೂ ಇದೇ ತತ್ವದ ಮೇಲೆ ನಿಂತಿವೆ. ಹೊಸದೇನೆಂದರೆ, ಕೋಟ್ಯಧಿಪತಿಗಳು ಕ್ಲಬ್ಬುಗಳನ್ನು ಕೊಳ್ಳುವ ದೇಶದಲ್ಲಿ, ಅವರೊಂದಿಗೆ ಸ್ಪರ್ಧಿಸಬೇಕಾದ ಆಟದಲ್ಲಿ, ಜನ ಈ ತತ್ವವನ್ನು ಹಿಡಿದು ನಿಂತದ್ದು.

ಮೈದಾನದಲ್ಲಿ ಫಲ ಕಾಣತೊಡಗಿತು. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗ್ ಪಂದ್ಯಗಳಲ್ಲಿ ತಂಡ ಸತತ 78 ಬಾರಿ ಸೋಲು ಕಾಣಲಿಲ್ಲ. ಇದು ಇಂಗ್ಲೆಂಡಿನ ಹಿರಿಯರ ಫುಟ್‌ಬಾಲಿನಲ್ಲಿ ದಾಖಲೆ. 2003-04ರಲ್ಲಿ ಆಡಿದ 46 ಪಂದ್ಯಗಳಲ್ಲಿ 42 ಗೆಲುವು, 4 ಸಮಬಲ, ಒಂದೂ ಸೋಲಿಲ್ಲ. 2004, 2005, 2008, 2009ರಲ್ಲಿ ಬಡ್ತಿಗಳು ಬಂದವು. 1975ರ ಗೋಲ್‌ಕೀಪರ್ ಡಿಕ್ಕಿ ಗೈ ಈ ಹೊಸ ಕ್ಲಬ್ಬಿನ ಗೌರವಾಧ್ಯಕ್ಷರಾದರು. ಹಳೆಯ ಕ್ಲಬ್ ಎಲ್ಲಿ ಮುಂದುವರಿಯಿತು ಎಂಬ ಪ್ರಶ್ನೆಗೆ ಅವರು ಆರಿಸಿದ ಸ್ಥಾನವೇ ಒಂದು ಉತ್ತರವಾಗಿತ್ತು.

ಎಲ್ಲವೂ ಸಲೀಸಾಗಿ ಸಾಗಿತೆಂದು ತಿಳಿಯಬೇಡಿ. 2006-07ರಲ್ಲಿ ವೇಲ್ಸ್‌ನ ಕ್ಲಬ್ ಒಂದರಲ್ಲಿ ಆಡಿದ್ದ ಆಟಗಾರನನ್ನು ಸೇರಿಸಿಕೊಂಡರು. ಫುಟ್‌ಬಾಲಿನಲ್ಲಿ ಇಂಗ್ಲೆಂಡ್ ಬೇರೆ, ವೇಲ್ಸ್ ಬೇರೆ. ಹಾಗಾಗಿ ಅಂತರರಾಷ್ಟ್ರೀಯ ವರ್ಗಾವಣೆಯ ಪತ್ರ ಬೇಕಿತ್ತು. ಅದನ್ನು ತರಿಸದೆ ಆಡಿಸಿದ್ದಕ್ಕೆ 18 ಅಂಕಗಳ ದಂಡ ಬಿತ್ತು. ಮೇಲ್ಮನವಿಯಲ್ಲಿ ದಂಡ 3 ಅಂಕಗಳಿಗೆ ಇಳಿಯಿತು. ಒಂದು ಕಾಗದ ತಪ್ಪಿದ್ದಕ್ಕೆ ಇಡೀ ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು. ಸಂಘದಲ್ಲಿ ಕಾರ್ಯದರ್ಶಿಯ ಕೆಲಸ ಮಾಡಿದವರಿಗೆ ಇದರ ಬಿಸಿ ಅರ್ಥವಾದೀತು. ಹುಮ್ಮಸ್ಸಿನಿಂದ ಸಂಸ್ಥೆ ಹುಟ್ಟುತ್ತದೆ, ಕಡತಗಳು ಸರಿಯಿದ್ದರೆ ಮಾತ್ರ ಉಳಿಯುತ್ತದೆ.

2011ರ ಮೇ 21ರಂದು ಮ್ಯಾಂಚೆಸ್ಟರ್ ನಗರದಲ್ಲಿ ಲೂಟನ್ ಟೌನ್ ಎದುರು ನಿರ್ಣಾಯಕ ಪಂದ್ಯ. ಗೆದ್ದವರಿಗೆ ಫುಟ್‌ಬಾಲ್ ಲೀಗ್ ಪ್ರವೇಶ. ಗೋಲಿಲ್ಲದೆ ಮುಗಿದ ಪಂದ್ಯ ಪೆನಾಲ್ಟಿಗಳಿಗೆ ಹೋಯಿತು. ಗೋಲ್‌ಕೀಪರ್ ಸೆಬ್ ಬ್ರೌನ್ ಎರಡನ್ನು ತಡೆದ, ನಾಯಕ ಡ್ಯಾನಿ ಕೆಡ್‌ವೆಲ್ ಕೊನೆಯದನ್ನು ಬಲೆಗೆ ಹೊಡೆದ. ಬಯಲಿನಲ್ಲಿ ಆಟಗಾರರನ್ನು ಆರಿಸಿದ ದಿನದಿಂದ ಒಂಬತ್ತು ವರ್ಷಗಳೊಳಗೆ ಐದು ಬಡ್ತಿ ಪಡೆದು ಕ್ಲಬ್ ಲೀಗ್ ಸೇರಿತು.

ಮನೆಗೆ ಮರಳಿದ್ದು, ತೆತ್ತ ಬೆಲೆ

2016ರ ಮೇ 30ರಂದು, ಸಮುದಾಯ ಭವನದ ಸಭೆಗೆ ಹದಿನಾಲ್ಕು ವರ್ಷ ತುಂಬಿದ ದಿನ, ವೆಂಬ್ಲಿಯಲ್ಲಿ ಪ್ಲಿಮತ್ ಆರ್ಗೈಲ್ ತಂಡವನ್ನು 2-0ರಿಂದ ಸೋಲಿಸಿ ಕ್ಲಬ್ ಮೂರನೇ ದರ್ಜೆಗೆ ಏರಿತು. 2019ರ ಜನವರಿಯಲ್ಲಿ ಎಫ್‌.ಎ. ಕಪ್‌ನಲ್ಲಿ ಪ್ರೀಮಿಯರ್ ಲೀಗಿನ ವೆಸ್ಟ್ ಹ್ಯಾಮ್ ತಂಡವನ್ನು 4-2ರಿಂದ ಮಣಿಸಿತು. ಆದರೆ ಊರಿನ ಮೈದಾನ? ಅದೊಂದು ಕೊರತೆ ಉಳಿದೇ ಇತ್ತು.

ಹೊಸ ಕ್ಲಬ್ ಮೊದಲಿನಿಂದಲೂ ಆಡುತ್ತಿದ್ದುದು ಪಕ್ಕದ ಕಿಂಗ್‌ಸ್ಟನ್‌ನಲ್ಲಿರುವ ಕಿಂಗ್ಸ್‌ಮೆಡೊ ಮೈದಾನದಲ್ಲಿ. 2003ರಲ್ಲಿ ಅದನ್ನು 24 ಲಕ್ಷ ಪೌಂಡಿಗೆ ಕೊಂಡುಕೊಂಡಿತ್ತು. ಮೂಲತಃ ಅದು ಕಿಂಗ್‌ಸ್ಟೋನಿಯನ್ ಎಂಬ ಇನ್ನೂ ಸಣ್ಣ ಕ್ಲಬ್ಬಿನ ಮೈದಾನ. ಹಣದ ಮುಗ್ಗಟ್ಟಿನಿಂದ ಅದು ಕೈಬಿಟ್ಟಿದ್ದ ಮೈದಾನದಲ್ಲಿ ಈಗ ಅದೇ ಬಾಡಿಗೆದಾರ. ಪ್ಲೋ ಲೇನ್‌ಗೆ ಮರಳಲು ಹಣ ಬೇಕಾದಾಗ ವಿಂಬಲ್ಡನ್ ಆ ಮೈದಾನವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿತು. 2017ರಲ್ಲಿ ಕಿಂಗ್‌ಸ್ಟೋನಿಯನ್ ಅಲ್ಲಿಂದ ಹೊರಟು ಬೇರೆ ಊರಿನ ಮೈದಾನದಲ್ಲಿ ಆಶ್ರಯ ಪಡೆಯಬೇಕಾಯಿತು. ಮನೆ ಕಳೆದುಕೊಂಡ ನೋವು ಅರಿತವರೇ ಮನೆಗೆ ಮರಳುವ ದಾರಿಯಲ್ಲಿ ಮತ್ತೊಬ್ಬರು ಮನೆ ಬಿಡುವಂತಾಯಿತು. ಈ ಸಂಗತಿಯನ್ನು ಮರೆಮಾಚಿ ಕಥೆ ಹೇಳಿದರೆ ಅದು ಇತಿಹಾಸವಾಗುವುದಿಲ್ಲ, ಹೊಗಳಿಕೆಯಾಗುತ್ತದೆ.

ಹಳೆಯ ಮೈದಾನದ ಜಾಗದಲ್ಲಿ ಅಷ್ಟರಲ್ಲಿ ವಸತಿ ಕಟ್ಟಡಗಳು ಎದ್ದಿದ್ದವು. ಅಲ್ಲಿಂದ ಕೂಗಳತೆಯ ದೂರದಲ್ಲಿ, ನಾಯಿಗಳ ಓಟದ ಪಂದ್ಯ ನಡೆಯುತ್ತಿದ್ದ ಕ್ರೀಡಾಂಗಣದ ನೆಲದಲ್ಲಿ ಹೊಸ ಪ್ಲೋ ಲೇನ್ ಕಟ್ಟಲು ಅನುಮತಿ ದೊರೆಯಿತು. ಕಟ್ಟಡ ಅರ್ಧದಲ್ಲಿರುವಾಗ, 2019ರ ಕೊನೆಗೆ, ಹಣದ ದೊಡ್ಡ ಕೊರತೆ ಎದುರಾಯಿತು. ಹೊರಗಿನ ಹೂಡಿಕೆದಾರರಿಗೆ ಪಾಲು ಕೊಟ್ಟರೆ ಕೆಲಸ ಸುಲಭ ಎಂಬ ಸಲಹೆ ಬಂತು. ಸದಸ್ಯರಲ್ಲಿ ಬಿಸಿ ಚರ್ಚೆ ನಡೆಯಿತು. ಒಮ್ಮೆ ಒಡೆತನ ಸಡಿಲಿಸಿ ಏನಾಯಿತೆಂದು ಕಂಡವರು ಅವರು. ಕೊನೆಗೆ 2020ರ ಆರಂಭದಲ್ಲಿ ಅಭಿಮಾನಿಗಳಿಂದಲೇ ಸಾಲ ಎತ್ತಲು ಪ್ಲೋ ಲೇನ್ ಬಾಂಡ್ ಹೊರಡಿಸಿದರು. ಬಾಂಡ್ ಕೊಂಡವರು ಬಡ್ಡಿದರವನ್ನು ಶೇಕಡಾ 4ರ ಒಳಗೆ ತಾವೇ ಆರಿಸಿಕೊಳ್ಳಬಹುದಿತ್ತು. ಬಡ್ಡಿ ಬೇಡ ಎನ್ನುವವರಿಗೆ ಅದಕ್ಕೂ ಅವಕಾಶವಿತ್ತು. ಹೀಗೆ ಸಂಗ್ರಹವಾದದ್ದು 50 ಲಕ್ಷ ಪೌಂಡಿಗೂ ಮಿಕ್ಕಿ.

2020ರ ನವೆಂಬರ್ 3ರಂದು ಹೊಸ ಪ್ಲೋ ಲೇನ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಡಾನ್‌ಕ್ಯಾಸ್ಟರ್ ರೋವರ್ಸ್ ಎದುರು 2-2 ಸಮಬಲ. ಇಪ್ಪತ್ತೊಂಬತ್ತು ವರ್ಷಗಳ ಬಳಿಕ ಮನೆಗೆ ಬಂದರೂ ನೋಡಲು ಪ್ರೇಕ್ಷಕರಿರಲಿಲ್ಲ. ಕೋವಿಡ್ ನಿರ್ಬಂಧದಿಂದ ಗೇಟು ಮುಚ್ಚಿತ್ತು. ಕಟ್ಟಿಸಿದವರು ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡಬೇಕಾಯಿತು. ಸುಮಾರು 9,000 ಜನ ಸೇರಬಹುದಾದ ಆ ಕ್ರೀಡಾಂಗಣ ತುಂಬಿದ್ದು ಮುಂದಿನ ಹಂಗಾಮಿನಲ್ಲಿ.

ಅಲ್ಲಿಂದ ಮುಂದೆಯೂ ಏರಿಳಿತ ನಿಂತಿಲ್ಲ. 2022ರಲ್ಲಿ ತಂಡ ನಾಲ್ಕನೇ ದರ್ಜೆಗೆ ಇಳಿಯಿತು. 2024ರ ಸೆಪ್ಟೆಂಬರ್‌ನಲ್ಲಿ ಭಾರೀ ಮಳೆಗೆ ಪಕ್ಕದ ವಾಂಡಲ್ ನದಿ ಉಕ್ಕಿ ಮೈದಾನದ ನೆಲ ಕುಸಿಯಿತು. ನ್ಯೂಕಾಸಲ್ ವಿರುದ್ಧ ಅಲ್ಲಿ ನಡೆಯಬೇಕಿದ್ದ ಕಪ್ ಪಂದ್ಯ ಎದುರಾಳಿಯ ಊರಿಗೆ ಹೋಯಿತು. ಅಭಿಮಾನಿಗಳು ಮತ್ತೆ ದೇಣಿಗೆ ಕೂಡಿಸಿದರು. ಅದೇ ಹಂಗಾಮಿನ ಕೊನೆಗೆ, 2025ರ ಮೇ 26ರಂದು, ವೆಂಬ್ಲಿಯಲ್ಲಿ ವಾಲ್ಸಾಲ್ ತಂಡವನ್ನು 1-0ರಿಂದ ಸೋಲಿಸಿ ಮತ್ತೆ ಮೂರನೇ ದರ್ಜೆಗೆ ಬಡ್ತಿ ಪಡೆದರು.

ನಮಗೆ ಉಳಿಯುವ ಮಾತು

ಪ್ರಿಯ ಓದುಗರೇ, ಸದಸ್ಯರ ಒಡೆತನ ಎಂದರೆ ಎಲ್ಲ ಕಷ್ಟಕ್ಕೂ ಮದ್ದು ಎಂದು ಈ ಕಥೆ ಹೇಳುವುದಿಲ್ಲ. ಶ್ರೀಮಂತ ಒಡೆಯರಿರುವ ಕ್ಲಬ್ಬುಗಳು ಒಂದೇ ಸಹಿಯಲ್ಲಿ ತರುವ ಆಟಗಾರನನ್ನು ಈ ಕ್ಲಬ್ ತರಲಾರದು. ದೊಡ್ಡ ನಿರ್ಧಾರಕ್ಕೂ ಸಭೆ, ಚರ್ಚೆ, ಮತದಾನ. ಕೆಲಸ ನಿಧಾನ, ಕೈ ಯಾವಾಗಲೂ ಬಿಗಿ. 1988ರ ಕಪ್ಪನ್ನು ಅವರು ಮತ್ತೊಮ್ಮೆ ಗೆಲ್ಲದೆಯೇ ಇರಬಹುದು. ಇದನ್ನೆಲ್ಲ ಬಲ್ಲ ಸದಸ್ಯರು 2020ರಲ್ಲಿ ಸುಲಭದ ಹಣ ಬಿಟ್ಟು ತಮ್ಮ ಜೇಬಿಗೇ ಕೈಹಾಕಿದರು. ಅವರು ಕೊಂಡದ್ದು ಗೆಲುವನ್ನಲ್ಲ, ನಾಳೆಯೂ ಕ್ಲಬ್ ಇಲ್ಲೇ ಇರುತ್ತದೆ ಎಂಬ ಭರವಸೆಯನ್ನು.

ವಿಂಬಲ್ಡನ್ ಮೊದಲ ಬಾರಿ ಊರು ಕಳೆದುಕೊಂಡದ್ದು ಒಂದೇ ದಿನದಲ್ಲಿ ಅಲ್ಲ. 1991ರಲ್ಲಿ ಮೈದಾನ ಬಿಟ್ಟದ್ದಕ್ಕೂ 2002ರ ತೀರ್ಪಿಗೂ ನಡುವೆ ಹನ್ನೊಂದು ವರ್ಷಗಳಿದ್ದವು. ಆ ವರ್ಷಗಳಲ್ಲಿ ಬಹುಪಾಲು ಕಾಲ, 2000ದವರೆಗೆ, ತಂಡ ಮೇಲಿನ ದರ್ಜೆಯಲ್ಲೇ ಆಡುತ್ತಿತ್ತು, ಪತ್ರಿಕೆಗಳಲ್ಲಿ ಹೆಸರಿತ್ತು. ಎಲ್ಲವೂ ಚೆನ್ನಾಗಿದೆ ಎಂದು ಕಂಡ ಕಾಲದಲ್ಲೇ ನಿರ್ಧಾರದ ಹಕ್ಕು ಜನರ ಕೈಯಿಂದ ದೂರವಿತ್ತು. ಅದನ್ನು ಅರಿತದ್ದು ಹೋದ ಮೇಲೆ.

ನಮ್ಮ ಸಂಘಗಳು, ಶಾಲೆಗಳು, ವಾಚನಾಲಯಗಳೂ ಹಾಗೆಯೇ. ವಾರ್ಷಿಕ ಮಹಾಸಭೆಯ ನೋಟಿಸು ಬಂದಾಗ ಹೋಗದೆ ಉಳಿಯುವುದು ಸುಲಭ. ಲೆಕ್ಕಪತ್ರ ಓದದೆ ಕೈ ಎತ್ತುವುದು ಇನ್ನೂ ಸುಲಭ. ಚಂದಾ ಬಾಕಿ ಇಟ್ಟರೆ ಯಾರೂ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ. ಆದರೆ ಸಂಸ್ಥೆ ಕೈತಪ್ಪುವುದು ಈ ದಾರಿಯಲ್ಲೇ. ವಿದ್ಯಾರ್ಥಿ ಮಿತ್ರರೇ, ಈ ವರ್ಷದ ಮಹಾಸಭೆಗೆ ನೀವೂ ಬನ್ನಿ. ಹಿಂದಿನ ಸಾಲಿನಲ್ಲಿ ಕುಳಿತರೂ ಸರಿ, ಲೆಕ್ಕಪತ್ರದ ಒಂದು ಪ್ರತಿ ಕೇಳಿ ಪಡೆದು ಓದಿ, ತಿಳಿಯದ್ದನ್ನು ಎದ್ದುನಿಂತು ಕೇಳಿ. 1889ರಲ್ಲಿ ಆ ಕ್ಲಬ್ಬನ್ನು ಹುಟ್ಟುಹಾಕಿದವರು ಶಾಲೆ ಬಿಟ್ಟು ಬಂದ, ನಿಮ್ಮ ಹಾಗಿನ ಯುವಕರು.